ಕೇಬಲ್ ತೆಗೆದರೆ ಕೈಕೊಡುತ್ತಿದ್ದ ಯುಡೆವ್ ರೂಲ್

ಅಕ್ಕನ ಮಗ ರಜೆಗೆ ಬಂದಾಗ ತನ್ನ ನಿಂಟೆಂಡೊ ಸ್ವಿಚ್ ಪ್ರೊ ಕಂಟ್ರೋಲರ್ ತಂದಿದ್ದ. ಆಡುವುದು ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ. ಅವನ ಆಟ ಕಂಟ್ರೋಲರನ್ನು ನೇರವಾಗಿ ಹಿಡ್‌ರಾ ಫೈಲಿನಿಂದ (ಸಾಧನದ ಕಚ್ಚಾ ಡೇಟಾ ಸಿಗುವ ಫೈಲ್) ಓದುತ್ತದೆ. ಆ ಫೈಲನ್ನು ಸಾಮಾನ್ಯವಾಗಿ ರೂಟ್, ಅಂದರೆ ಅಡ್ಮಿನ್ ಅಕೌಂಟ್, ಮಾತ್ರ ತೆರೆಯಬಹುದು. ಸಾಧನ ಜೋಡಿಸಿದಾಗ ಅದರ ಫೈಲಿಗೆ ಅನುಮತಿ ಕೊಡುವಂಥ ಕೆಲಸ ಮಾಡುವುದು ಲಿನಕ್ಸ್‌ನ ಯುಡೆವ್. ಅದಕ್ಕೆ ಒಂದು ರೂಲ್ ಬರೆದೆ: ವೆಂಡರ್ (ತಯಾರಕರ) ಐಡಿ 057ಇ, ಪ್ರಾಡಕ್ಟ್ ಐಡಿ 2009 ಆಗಿದ್ದರೆ ಮೋಡ್ 0666, ಅಂದರೆ ಯಾವ ಅಕೌಂಟ್ ಬೇಕಾದರೂ ಓದಬಹುದು, ಬರೆಯಬಹುದು. ಯುಎಸ್‌ಬಿ ಕೇಬಲ್ ಹಾಕಿದಾಗ ಚೆನ್ನಾಗಿ ನಡೆಯಿತು. ಬ್ಲೂಟೂತ್‌ನಲ್ಲಿ ಜೋಡಿಸಿದರೆ ಪರ್ಮಿಷನ್ ಇಲ್ಲ ಎಂದಿತು.

ಅದೇ ಕಂಟ್ರೋಲರ್, ಅದೇ ನಂಬರ್ ಅಲ್ವಾ? ಯುಡೆವ್‌ಎಡಿಎಮ್ ಇನ್ಫೋ ಎಂಬ ಕಮಾಂಡ್ ಓಡಿಸಿ ನೋಡಿದೆ. ಅದು ಸಾಧನವನ್ನೂ ಅದು ಯಾವುದಕ್ಕೆ ಸೇರಿಕೊಂಡಿದೆಯೋ ಆ ಮೇಲಿನ ಪೇರೆಂಟ್‌ಗಳನ್ನೂ ಒಂದೊಂದಾಗಿ ತೋರಿಸುತ್ತದೆ. ಕೇಬಲ್ ಇದ್ದಾಗ ಮೇಲೆ ಸಿಗುವ ಯುಎಸ್‌ಬಿ ಸಾಧನ ಕಂಟ್ರೋಲರೇ. ಬ್ಲೂಟೂತ್‌ನಲ್ಲಿ ಮೇಲೆ ಸಿಕ್ಕಿದ್ದು ಲ್ಯಾಪ್‌ಟಾಪ್ ಒಳಗಿನ ಬ್ಲೂಟೂತ್ ಚಿಪ್. ಅಲ್ಲಿದ್ದ ವೆಂಡರ್ ಐಡಿ ಆ ಚಿಪ್‌ನದು.

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಆ ಚಿಪ್‌ನ ನಂಬರನ್ನೇ ರೂಲ್‌ಗೆ ಹಾಕಿದೆ. ಆಟ ನಡೆಯಿತು. ಆಮೇಲೆ ಫೈಲುಗಳ ಪಟ್ಟಿ ನೋಡಿದರೆ ನನ್ನ ಬ್ಲೂಟೂತ್ ಕೀಬೋರ್ಡಿನ ಹಿಡ್‌ರಾ ಕೂಡ 0666 ಆಗಿತ್ತು! ನಾನು ಟೈಪ್ ಮಾಡುವ ಪಾಸ್‌ವರ್ಡನ್ನು ಆ ಲ್ಯಾಪ್‌ಟಾಪ್‌ನ ಯಾವ ಅಕೌಂಟ್‌ನಿಂದ ಬೇಕಾದರೂ ಓದಬಹುದಿತ್ತು. ನಿಜಕ್ಕೂ ಭಯವಾಯಿತು. ಆ ಸಾಲನ್ನು ತಕ್ಷಣ ಅಳಿಸಿದೆ.

ಸರಿಯಾದ ಗುರುತು ಹಿಡ್ (ಕೀಬೋರ್ಡ್, ಕಂಟ್ರೋಲರ್‌ನಂಥ ಇನ್‌ಪುಟ್ ಸಾಧನಗಳ ವರ್ಗ) ಸಾಧನದ ಹೆಸರಿನಲ್ಲೇ ಇತ್ತು: 0005:057ಇ:2009.0004. ಮೊದಲ 0005 ಎಂದರೆ ಬ್ಲೂಟೂತ್. ಯುಎಸ್‌ಬಿಗೆ ಅಲ್ಲಿ 0003 ಬರುತ್ತದೆ. ಆಮೇಲೆ ವೆಂಡರ್, ಪ್ರಾಡಕ್ಟ್. ಚುಕ್ಕೆಯ ನಂತರದ ನಂಬರ್ ಪ್ರತಿ ಸಲ ಬದಲಾಗುತ್ತದೆ, ಹಾಗಾಗಿ ಅಲ್ಲಿ ಏನಿದ್ದರೂ ಸರಿ ಎನ್ನುವ ಸ್ಟಾರ್ (*) ಹಾಕಬೇಕು. ಈ ಹೆಸರು ಇರುವುದು ಪೇರೆಂಟ್‌ಗೆ. ಅದಕ್ಕೇ ರೂಲ್‌ನಲ್ಲಿ 'ಕರ್ನಲ್' ಅಲ್ಲ, 'ಕರ್ನಲ್ಸ್' ಎಂದು ಬರೆಯಬೇಕು. ಕೊನೆಯ ಎಸ್ ಇದ್ದರೆ ಮಾತ್ರ ಪೇರೆಂಟ್‌ಗಳನ್ನೂ ಹುಡುಕುತ್ತದೆ.

ಅಷ್ಟು ಮಾಡಿದರೂ ಹೊಂದಲಿಲ್ಲ. ಅರ್ಧ ಗಂಟೆ ಹೋಯಿತು. ಕಾರಣ 057ಇ ಕೊನೆಯ ಅಕ್ಷರ. ಯುಎಸ್‌ಬಿ ಐಡಿಯಲ್ಲಿ ಅದು ಇಂಗ್ಲಿಷಿನ ಸಣ್ಣ ಅಕ್ಷರ, ಹಿಡ್ ಹೆಸರಿನಲ್ಲಿ ದೊಡ್ಡ ಅಕ್ಷರ. ಯುಡೆವ್‌ಗೆ ಎರಡೂ ಬೇರೆ ಬೇರೆ.

ಈಗ ಎರಡು ಸಾಲು ಇವೆ, ಯುಎಸ್‌ಬಿಗೆ ಒಂದು, ಬ್ಲೂಟೂತ್‌ಗೆ ಒಂದು. 0666 ತೆಗೆದು ಯುಆಕ್ಸೆಸ್ ಟ್ಯಾಗ್ ಹಾಕಿದೆ. ಆಗ ಲಾಗಿನ್ ಆಗಿ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ ಅನುಮತಿ ಸಿಗುತ್ತದೆ. ಅದೂ ಮೊದಲ ಸಲ ಕೆಲಸ ಮಾಡಲಿಲ್ಲ, ಏಕೆಂದರೆ ನನ್ನ ಫೈಲಿನ ಹೆಸರು 99ರಿಂದ ಶುರುವಾಗುತ್ತಿತ್ತು. ಯುಡೆವ್ ರೂಲ್ ಫೈಲುಗಳನ್ನು ಹೆಸರಿನ ನಂಬರಿನ ಕ್ರಮದಲ್ಲಿ ಓದುತ್ತದೆ. ಆ ಟ್ಯಾಗನ್ನು ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ನೋಡುವುದು 73ನೇ ನಂಬರಿನ ಫೈಲಿನಲ್ಲಿ. ಅದಾದ ಮೇಲೆ ಹಾಕಿದ ಟ್ಯಾಗ್ ಯಾರಿಗೂ ಕಾಣುವುದಿಲ್ಲ. ಹೆಸರನ್ನು 70 ಮಾಡಿ, ರೂಲ್‌ಗಳನ್ನು ರೀಲೋಡ್ ಮಾಡಿ, ಕಂಟ್ರೋಲರನ್ನು ಬಿಡಿಸಿ ಮತ್ತೆ ಜೋಡಿಸಿದೆ.

ಗೆಟ್‌ಎಫ್‌ಎಸಿಎಲ್‌ನಲ್ಲಿ (ಫೈಲಿಗೆ ಯಾರಿಗೆ ಅನುಮತಿ ಇದೆ ಎಂದು ತೋರಿಸುವ ಕಮಾಂಡ್) ಕಂಟ್ರೋಲರ್ ಪಕ್ಕ ನನ್ನ ಲಾಗಿನ್ ಹೆಸರು ಬಂತು. ಕೀಬೋರ್ಡಿನ ಪಕ್ಕ ರೂಟ್ ಬಿಟ್ಟು ಬೇರೆ ಯಾರೂ ಇರಲಿಲ್ಲ. ಅದನ್ನು ನೋಡಿದ ಮೇಲೆಯೇ ಹುಡುಗನನ್ನು ಆಟಕ್ಕೆ ಕರೆದೆ.