ತಪ್ಪು ಉತ್ತರ ಬರೆಯುವ ಕಷ್ಟ

ಆನ್‌ಲೈನ್ ಪದವಿಯ ನಗರ ಪರಿಸರ ಕೋರ್ಸಿಗೆ ಮೊದಲ ಸೆಮಿಸ್ಟರ್‌ನಲ್ಲಿ ನಾನು ಮಾಡಿದ್ದು ಇಷ್ಟೇ: ತರಗತಿಯ ನಲವತ್ತು ನಿಮಿಷದ ಪಾಠವನ್ನು ಹಾಗೆಯೇ ಚಿತ್ರೀಕರಿಸಿ, ಆನ್‌ಲೈನ್ ಪಾಠಗಳನ್ನಿಡುವ ತಾಣವಾದ ಮೂಡಲ್‌ಗೆ ಏರಿಸಿದೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುವವರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿ ಬಸ್ಸು ನಿಂತಲ್ಲೇ ನಿಂತಾಗ ಮೊಬೈಲಿನಲ್ಲಿ ಪಾಠ ನೋಡುವವರು. ಹತ್ತನೇ ನಿಮಿಷ ದಾಟಿದವರು ವಿರಳ. ಆರು ನಿಮಿಷದೊಳಗಿನ ವಿಡಿಯೊಗಳನ್ನೇ ಕಲಿಯುವವರು ಹೆಚ್ಚಾಗಿ ಕೊನೆಯವರೆಗೂ ನೋಡುತ್ತಾರೆಂದು, ಆನ್‌ಲೈನ್ ಕಲಿಕೆಯ ವೇದಿಕೆಯಾದ ಎಡ್‌ಎಕ್ಸ್ ಕೋರ್ಸುಗಳ ಕುರಿತ 2014ರ ಅಧ್ಯಯನ ಹೇಳಿತ್ತು. ಓದಿದ್ದೆ, ಪಾಲಿಸಿರಲಿಲ್ಲ.

ಕೆರೆ ಸರಪಳಿಯ ಪಾಠವನ್ನು ಒಡೆದು ಕಟ್ಟಿದೆ. ಅಗರ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿ ನದಿಗೆ. ನಕ್ಷೆಯ ಮೇಲೆ ಕೋಡಿ (ತುಂಬಿದ ಕೆರೆಯ ಹೆಚ್ಚಿನ ನೀರು ತಾನಾಗಿ ಹರಿದುಹೋಗುವ ಜಾಗ), ತೂಬು (ಬೇಕಾದಾಗ ತೆರೆದು ನೀರು ಬಿಡುವ ಕಿಂಡಿ), ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಎಂಬ ಚೀಟಿಗಳನ್ನು ಎಳೆದು ಕೂರಿಸುವ ಚಟುವಟಿಕೆಯನ್ನು, ಇಂಥವನ್ನು ಕಟ್ಟುವ ತಂತ್ರಾಂಶವಾದ ಎಚ್‌ಫೈವ್‌ಪಿಯಲ್ಲಿ ಮಾಡಿದೆ. ನನ್ನ ದೊಡ್ಡ ಪರದೆಯಲ್ಲಿ ಅದರ ಚೆಂದವೇ ಚೆಂದ! ಮೊಬೈಲಿನಲ್ಲಿ ಚೀಟಿಗಳು ಅಕ್ಕಿಕಾಳಿನಷ್ಟಾದವು. “ಮೇಡಂ, ತೂಬನ್ನು ಎಳೆಯಲು ಹೋದರೆ ಪುಟವೇ ಮೇಲೆ ಹೋಗುತ್ತದೆ” ಎಂದು ಒಬ್ಬಳು ಬರೆದಳು. ಎರಡು ವಾರದ ಶ್ರಮ ನೀರಿನಲ್ಲಿ ಹೋಮ. ಈಗ ಏನು ಕಟ್ಟಿದರೂ ಮೊದಲು ಅಮ್ಮನ ಹಳೆಯ ಫೋನಿನಲ್ಲಿ, ಧ್ವನಿ ಮುಚ್ಚಿ ನೋಡುತ್ತೇನೆ.

ಕೊನೆಗೆ ಉಳಿದದ್ದು ಐದು ನಿಮಿಷದ ವಿಡಿಯೊ, ನಡುನಡುವೆ ತಡೆದು ಕೇಳುವ ಮೂರು ಪ್ರಶ್ನೆ. ಪ್ರಶ್ನೆ ಬರೆಯಲು ಅರ್ಧ ಗಂಟೆ ಸಾಕಾಯಿತು. ತಪ್ಪು ಆಯ್ಕೆಗಳಿಗೆ ಎರಡು ದಿನ ಹಿಡಿಯಿತು. ನಾನೇ ಊಹಿಸಿ ಬರೆದ ತಪ್ಪುಗಳು ಎಷ್ಟು ಪೆದ್ದಾಗಿದ್ದವೆಂದರೆ, ಪಾಠ ನೋಡದವರೂ ಸರಿಯುತ್ತರ ಒತ್ತಬಹುದಿತ್ತು. ಹಳೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಎಷ್ಟೋ ಜನ ತೂಬು, ಕೋಡಿ ಎರಡನ್ನೂ “ನೀರು ಹೊರಹೋಗುವ ದಾರಿ” ಎಂದಷ್ಟೇ ಬರೆದು ಒಂದರ ಜಾಗದಲ್ಲಿ ಇನ್ನೊಂದನ್ನು ಗುರುತಿಸಿದ್ದರು. ಅವರ ಮಾತನ್ನೇ ಒಂದು ಆಯ್ಕೆಯಾಗಿಸಿದೆ. ಅದನ್ನು ಒತ್ತಿದವರಿಗೆ ಬರಿಯ ಕೆಂಪು ಗುರುತು ಕಾಣುವುದಿಲ್ಲ. “ತೂಬನ್ನು ನೀರುಗಂಟಿ ತೆರೆಯಬೇಕು, ಕೋಡಿ ಯಾರನ್ನೂ ಕೇಳುವುದಿಲ್ಲ” ಎಂಬ ಸಾಲು ಕಾಣುತ್ತದೆ. ಗುಂಡಿ ಒತ್ತಿದರೆ ವಿಡಿಯೊ ಆ ದೃಶ್ಯಕ್ಕೇ ಹಿಂದಿರುಗುತ್ತದೆ. ಹಿನ್ನೆಲೆ ಸಂಗೀತ ಬೇಕೆಂದು ಸಹೋದ್ಯೋಗಿಗಳು ಒತ್ತಾಯಿಸಿದರು, ನಾನು ಒಪ್ಪಲಿಲ್ಲ.

ಕಳೆದ ತಿಂಗಳು ಒಬ್ಬ ಹುಡುಗ ಕೇಳಿದ: “ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಾಜಕಾಲುವೆ ಯಾವ ಕೆರೆಗೆ ಸೇರುತ್ತದೆ, ಮೇಡಂ?” ಅದು ನನ್ನ ಯಾವ ವಿಡಿಯೊದಲ್ಲೂ ಇಲ್ಲ. ಹೋಗಿ ನೋಡಿ ಫೋಟೊ ಹಾಕಲು ಅವನಿಗೇ ಹೇಳಿದ್ದೇನೆ.