ಮಾನವ ಎಫ್‌ಜಿಎಫ್-2: ಇ. ಕೋಲೈಯಿಂದ ಸ್ಟೆಮ್ ಸೆಲ್ ಮೀಡಿಯಾವರೆಗೆ

ಸ್ಟೆಮ್ ಸೆಲ್ ಬೆಳೆಸುವವರಿಗೆ ಎಫ್‌ಜಿಎಫ್-2 ಎಂಬ ಬೆಳವಣಿಗೆಯ ಪ್ರೋಟೀನು ಇಲ್ಲದೆ ಕೆಲಸ ಸಾಗುವುದಿಲ್ಲ. ಇ8 ಎಂಬ ಮೀಡಿಯಾಕ್ಕೆ (ಕೋಶಗಳ ಪೋಷಕ ದ್ರವ) ಲೀಟರಿಗೆ 100 ಮೈಕ್ರೋಗ್ರಾಂ ಬೇಕು. 17 ಕಿಲೋಡಾಲ್ಟನ್ನಿನ ಪುಟ್ಟ ಪ್ರೋಟೀನು, ಸಕ್ಕರೆ ಸರಪಳಿಯ ಹಂಗಿಲ್ಲ, ಇ. ಕೋಲೈ ಬ್ಯಾಕ್ಟೀರಿಯಾದ ಒಳಗೆ ಕರಗಿದ ಸ್ಥಿತಿಯಲ್ಲೇ ಸಿಗುತ್ತದೆ. ಹಾಗಾಗಿ ನಾನು ಲ್ಯಾಬಿನಲ್ಲೇ ಮಾಡಿಕೊಳ್ಳುತ್ತೇನೆ. ಪೀಡೆ ಏನೆಂದರೆ ಇದರ ತುಂಬ ಲೈಸಿನ್, ಆರ್ಜಿನಿನ್ ಎಂಬ ಧನ ಆವೇಶದ ಅಮೈನೋ ಆಮ್ಲಗಳು. ಋಣ ಆವೇಶದ ಏನು ಸಿಕ್ಕರೂ ತಬ್ಬಿಕೊಳ್ಳುತ್ತದೆ: ಡಿಎನ್‌ಎ, ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ ವಿಷ), ಯಾವುದನ್ನೂ ಬಿಡದು.

155 ಅಮೈನೋ ಆಮ್ಲಗಳ ಜೀನನ್ನು ಇ. ಕೋಲೈಗೆ ಒಗ್ಗುವ ಕೋಡಾನುಗಳಲ್ಲಿ (ಜೀನಿನ ಮೂರಕ್ಷರದ ಸಂಕೇತ) ಬರೆಸಿ ಪಿಇಟಿ ವೆಕ್ಟರಿಗೆ (ಜೀನನ್ನು ಹೊರುವ ಡಿಎನ್‌ಎ ಉಂಗುರ) ಸೇರಿಸಿದ್ದೇನೆ. ಮಾನವ ಜೀನನ್ನು ಇದ್ದಂತೆಯೇ ಹಾಕಿದರೆ ಆರ್ಜಿನಿನ್ನಿನ ಅಪರೂಪದ ಕೋಡಾನುಗಳಲ್ಲಿ ಪ್ರೋಟೀನು ಕಟ್ಟುವ ರೈಬೋಸೋಮು ತಡವರಿಸುತ್ತದೆ. ಶುದ್ಧ ಮಾಡಲು ಹಿಸ್ಟಿಡಿನ್ ಟ್ಯಾಗ್ (ಪ್ರೋಟೀನಿಗೆ ಅಂಟಿಸುವ ಹಿಡಿಕೆ) ಬೇಡ, ಹೆಪಾರಿನ್ ಕಾಲಂ ಇದ್ದರೆ ಸಾಕು: ಹೆಪಾರಿನ್ ಎಂಬ ಋಣ ಆವೇಶದ ಸಕ್ಕರೆ ಸರಪಳಿಯನ್ನು ಈ ಪ್ರೋಟೀನು ಬಿಗಿಯಾಗಿ ಹಿಡಿಯುತ್ತದೆ. ಎರಡನೇ ಅಮೈನೋ ಆಮ್ಲ ಅಲನಿನ್ ಆದ್ದರಿಂದ ಮೊದಲ ಮೆಥಿಯೋನಿನನ್ನು ಬ್ಯಾಕ್ಟೀರಿಯಾವೇ ಕತ್ತರಿಸುತ್ತದೆ.

ಬಿಎಲ್21(ಡಿಇ3) ಎಂಬ ಇ. ಕೋಲೈ ತಳಿಯ ಕೋಶಗಳನ್ನು ಒಂದು ಲೀಟರ್ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ಓಡಿ (ದ್ರವದ ಮಬ್ಬಿನ ಅಳತೆ) 0.7ರವರೆಗೆ ಬೆಳೆಸಿ, ಫ್ಲಾಸ್ಕನ್ನು ತಣ್ಣಗೆ ಮಾಡಿ, 0.3 ಮಿಲಿಮೋಲಾರ್ ಐಪಿಟಿಜಿ (ಜೀನನ್ನು ಚಾಲೂ ಮಾಡುವ ರಾಸಾಯನಿಕ) ಹಾಕಿ 20 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತೇನೆ. 37ರಲ್ಲೇ ಮುಂದುವರಿಸಿದರೆ ಕೋಶ ಒಡೆದಾಗ ಬಹುಪಾಲು ಗಸಿಯಲ್ಲೇ ಕೂರುತ್ತದೆ.

ಒಡೆಯುವ ಬಫರು 40 ಮಿಲಿ: 50 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, 150 ಮಿಲಿಮೋಲಾರ್ ಉಪ್ಪು, 2 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 2 ಮಿಲಿಮೋಲಾರ್ ಡಿಟಿಟಿ (ಸಿಸ್ಟೀನುಗಳ ಕೊಂಡಿ ಬಿಡಿಸುವ ರಾಸಾಯನಿಕ), ಚಿಟಿಕೆ ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ). ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಹಾಳಾಗುತ್ತದೆ, ಅದನ್ನು ಸಾನಿಕೇಟರ್ (ಶಬ್ದತರಂಗದಿಂದ ಕೋಶ ಒಡೆಯುವ ಯಂತ್ರ) ಹಚ್ಚುವ ತುಸು ಮೊದಲು ಮಾತ್ರ ಹಾಕಿ. ಅಭ್ಯಾಸಬಲದಿಂದ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ) ಸೇರಿಸಿದರೆ ಮೆಗ್ನೀಸಿಯಂ ಅದರ ಪಾಲಾಗಿ ಡಿಎನ್‌ಏಸ್ ಸುಮ್ಮನಾಗುತ್ತದೆ, ಲೈಸೇಟು (ಒಡೆದ ಕೋಶಗಳ ರಸ) ಲೋಳೆಯಂತೆ ಎಳೆಯಾಗುತ್ತದೆ. ಮಂಜುಗಡ್ಡೆಯಲ್ಲಿಟ್ಟು 5 ಸೆಕೆಂಡು ಸಾನಿಕೇಶನ್, 10 ಸೆಕೆಂಡು ವಿರಾಮ. ಆಮೇಲೆ 20 ನಿಮಿಷ ಸುಮ್ಮನಿಡಿ. ನಂತರ 5 ಮೋಲಾರ್ ಉಪ್ಪು ನೀರನ್ನು 4.1 ಮಿಲಿ ಸೇರಿಸಿದರೆ ಒಟ್ಟು 0.6 ಮೋಲಾರ್. ಇಷ್ಟು ಉಪ್ಪಿಗೆ ಡಿಎನ್‌ಎ ತುಂಡುಗಳು ಕಳಚುತ್ತವೆ, ಹೆಪಾರಿನ್ನಿನ ಹಿಡಿತ ಮಾತ್ರ ಸಡಿಲವಾಗುವುದಿಲ್ಲ. ಈ ಹೆಜ್ಜೆ ಬಿಟ್ಟರೆ ಕೊನೆಯಲ್ಲಿ 260/280 ಅನುಪಾತ (ಡಿಎನ್‌ಎ ಹೆಚ್ಚು ಹೀರುವ 260 ಮತ್ತು ಪ್ರೋಟೀನು ಹೀರುವ 280 ನ್ಯಾನೋಮೀಟರ್ ಬೆಳಕಿನ ಹೀರುವಿಕೆ) 0.6ರ ಆಸುಪಾಸು ಇರಬೇಕಾದ್ದು 1ರ ಮೇಲೆ ನಿಲ್ಲುತ್ತದೆ.

ಸೆಂಟ್ರಿಫ್ಯೂಜಿನಲ್ಲಿ 30,000 ಜಿ ಬಲದಲ್ಲಿ ಅರ್ಧ ಗಂಟೆ ತಿರುಗಿಸಿ, 0.45 ಮೈಕ್ರಾನ್ ಸೋಸಿ, 5 ಮಿಲಿ ಹೆಪಾರಿನ್ ಕಾಲಮ್ಮಿಗೆ ನಿಮಿಷಕ್ಕೆ 1 ಮಿಲಿಯಂತೆ ಹತ್ತಿಸಿ. 0.6 ಮೋಲಾರ್ ಉಪ್ಪಿನ ಬಫರಿನಿಂದ ತೊಳೆದ ಮೇಲೆ ಎಂಡೊಟಾಕ್ಸಿನ್ ಸರದಿ. ಕೋಲ್ಡ್ ರೂಮಿನಲ್ಲಿ ಅದೇ ಬಫರಿಗೆ 0.1% ಟ್ರೈಟಾನ್ ಎಕ್ಸ್-114 ಎಂಬ ಡಿಟರ್ಜೆಂಟ್ ಬೆರೆಸಿ 150 ಮಿಲಿ ಹರಿಸುತ್ತೇನೆ. ಹೊರಗೆ ಬೆಂಚಿನ ಮೇಲೆ ಮಾಡಲು ಹೋಗಬೇಡಿ: 22-23 ಡಿಗ್ರಿ ದಾಟಿದರೆ ಈ ಟ್ರೈಟಾನ್ ಮೋಡಗಟ್ಟಿ ಬೇರೆಯಾಗುತ್ತದೆ. ಬಳಿಕ ಟ್ರೈಟಾನ್ ಇಲ್ಲದ ಬಫರು 100 ಮಿಲಿ, 280ರ ಗೆರೆ ಮತ್ತೆ ಕೆಳಗೆ ಬಂದು ಮಲಗುವವರೆಗೆ. ಟ್ರೈಟಾನ್ ಕೂಡ 280ರಲ್ಲಿ ಬೆಳಕು ಹೀರುತ್ತದೆ. ಆತುರಪಟ್ಟರೆ ಡಿಟರ್ಜೆಂಟನ್ನೇ ಪ್ರೋಟೀನೆಂದು ಅಳೆದುಕೊಳ್ಳುತ್ತೀರಿ.

ಉಪ್ಪನ್ನು 0.6ರಿಂದ 2 ಮೋಲಾರಿಗೆ ನಿಧಾನ ಏರಿಸಿದರೆ ಸುಮಾರು 1.5ರಲ್ಲಿ ಮುಖ್ಯ ಶಿಖರ ಬರುತ್ತದೆ. ಅದರ ಬೆನ್ನ ಹಿಂದೆ ಗುಡ್ಡದಂಥ ಇನ್ನೊಂದು ಕಂಡರೆ ಅದನ್ನು ಬೆರೆಸಬೇಡಿ. ಪ್ರೋಟೀನಿನಲ್ಲಿ ನಾಲ್ಕು ಸಿಸ್ಟೀನುಗಳಿವೆ, ಎರಡು ಹೊರಮೈಯಲ್ಲಿ. ಡಿಟಿಟಿ ಹಳತಾದರೆ ಅವು ಪಕ್ಕದ ಅಣುವಿಗೆ ಕೊಂಡಿ ಹಾಕುತ್ತವೆ. ಪರೀಕ್ಷೆ ಸುಲಭ: ಒಂದೇ ಸ್ಯಾಂಪಲನ್ನು ಡಿಟಿಟಿ ಹಾಕಿ, ಹಾಕದೆ ಜೆಲ್ಲಿನಲ್ಲಿ ಅಕ್ಕಪಕ್ಕ ಓಡಿಸಿ. ಡಿಟಿಟಿ ಇರುವ ಲೇನಿನಲ್ಲಿ 17 ಕಿಲೋಡಾಲ್ಟನ್ನಿನ ಬಳಿ ಒಂದೇ ಪಟ್ಟಿ. ಇಲ್ಲದ ಲೇನಿನಲ್ಲಿ 34, 51 ಎಂದು ಏಣಿ ಮೂಡಿದರೆ ಮಾಲು ಕೆಟ್ಟಿದೆ. ಡಿಟಿಟಿ ಹಾಕಿದ ಜೆಲ್ ಒಂದನ್ನೇ ನೋಡಿ ಶುದ್ಧ ಎನ್ನುವವರ ಮಾತು ನನಗೆ ನಂಬಿಕೆ ಬರುವುದಿಲ್ಲ.

ಅಳತೆಗೆ: ಒಂದು ಮಿಲಿಗೆ 1 ಮಿಗ್ರಾಂ ಇದ್ದರೆ 280ರಲ್ಲಿ ಹೀರುವಿಕೆ 0.92. ಎಂಡೊಟಾಕ್ಸಿನನ್ನು ಎಲ್‌ಎಎಲ್ ಪರೀಕ್ಷೆಯಲ್ಲಿ ನೋಡುವಾಗ ಗೊತ್ತಿರುವ ಮೊತ್ತ ಬೆರೆಸಿದ ಸ್ಯಾಂಪಲೂ ಜೊತೆಗಿರಲಿ. ಬೆರೆಸಿದ್ದರ 50ರಿಂದ 200 ಶೇಕಡಾ ವಾಪಸ್ ಬರಬೇಕು. 50ಕ್ಕಿಂತ ಕಡಿಮೆ ಬಂದರೆ ಪ್ರೋಟೀನು ಅದನ್ನು ಮುಚ್ಚಿಟ್ಟಿದೆ, ಕಡಿಮೆ ಬಂದ ಅಂಕಿಗೆ ಅರ್ಥವಿಲ್ಲ.

ಉಪ್ಪನ್ನು ಪೂರ್ತಿ ತೆಗೆಯಲು ಹೋಗಬೇಡಿ. 0.5 ಮೋಲಾರ್ ಉಪ್ಪಿನಲ್ಲೇ ಮಿಲಿಗೆ 0.5 ಮಿಗ್ರಾಂನಂತೆ 20 ಮೈಕ್ರೋಲೀಟರ್ ಪಾಲು ಮಾಡಿ, ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಿ ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಫ್ರೀಜರಿಗೆ ಹಾಕುವುದಿಲ್ಲ. ಮೈಕ್ರೋಗ್ರಾಂ ಮಟ್ಟಕ್ಕೆ ತೆಳು ಮಾಡುವಾಗ 0.1% ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನು) ಇರಲಿ, ಇಲ್ಲದಿದ್ದರೆ ಟ್ಯೂಬಿನ ಗೋಡೆಯೇ ನುಂಗುತ್ತದೆ. ಹೊಸ ಬ್ಯಾಚನ್ನು ಹಸಿವಿನಲ್ಲಿಟ್ಟ 3ಟಿ3 ಎಂಬ ಇಲಿಯ ಕೋಶಗಳ ಮೇಲೆ ಹಳೆಯ ಬ್ಯಾಚಿನ ಪಕ್ಕದಲ್ಲೇ ಪರೀಕ್ಷಿಸುತ್ತೇನೆ. ಅರ್ಧ ಪರಿಣಾಮ ಮಿಲಿಗೆ ಕೆಲವು ನ್ಯಾನೋಗ್ರಾಂ ಒಳಗೇ ಸಿಗಬೇಕು. ಅಲ್ಲಿ ಗೆದ್ದ ಬ್ಯಾಚು ಕೂಡ ಮೀಡಿಯಾದಲ್ಲಿ 37 ಡಿಗ್ರಿಯಲ್ಲಿ ಒಂದು ದಿನಕ್ಕೇ ಬಹುಪಾಲು ಸತ್ವ ಕಳೆದುಕೊಳ್ಳುತ್ತದೆ, ಅದಕ್ಕೇ ದಿನಾ ಮೀಡಿಯಾ ಬದಲಿಸುವುದು.