ದಿಢೀರ್ ಹೊರಡುವವರಿಗೆ: ಬೈಕನ್ನು ಸದಾ ಸಿದ್ಧವಾಗಿಡುವ ನನ್ನ ಕ್ರಮ

ದಿಢೀರ್ ಪ್ರಯಾಣಕ್ಕೆ ತಯಾರಿ ಏನೂ ಬೇಡ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ತಯಾರಿ ಹೆಚ್ಚು ಬೇಕಿರುವುದು ಅದಕ್ಕೇ. ತಿಂಗಳ ಮುಂಚೆ ಗೊತ್ತಾದ ಪ್ರವಾಸವಾದರೆ ಹಿಂದಿನ ವಾರ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ಬರಬಹುದು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಾಗ ಬಿಸ್ಲೆ ಘಾಟಿ ಕಡೆ ಹೋಗೋಣ ಅನ್ನಿಸಿದರೆ ಅದಕ್ಕೆಲ್ಲ ಹೊತ್ತೆಲ್ಲಿ? ಹಾಗಾಗಿ ನಾನು ಬೈಕಿನ ಕೆಲಸವನ್ನೆಲ್ಲ ವಾಪಸ್ ಬಂದ ದಿನವೇ ಮುಗಿಸುತ್ತೇನೆ. ಮತ್ತೆ ಹೊರಡುವಾಗ ಉಳಿದಿರುವುದು ಗಾಳಿ ನೋಡಿ ಬ್ಯಾಗು ಕಟ್ಟುವುದು ಮಾತ್ರ.

ನಾನಿರುವುದು ಹಾಸನದಲ್ಲಿ, ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಸಕಲೇಶಪುರ ಸುಮಾರು 40 ಕಿಲೋಮೀಟರ್. ಅಲ್ಲಿಂದ ನೇರ ಹೋದರೆ ಶಿರಾಡಿ, ಹೆತ್ತೂರಿನ ಕಡೆ ತಿರುಗಿದರೆ ಬಿಸ್ಲೆ. ಬೇಲೂರು, ಮೂಡಿಗೆರೆ ದಾರಿ ಹಿಡಿದರೆ ಕೊಟ್ಟಿಗೆಹಾರ, ಚಾರ್ಮಾಡಿ. ಇಷ್ಟು ಘಾಟಿಗಳು ಮನೆ ಬಾಗಿಲಲ್ಲೇ ಇರುವಾಗ ಗಾಡಿ ಸಿದ್ಧವಿಲ್ಲ ಅಂತ ಸುಮ್ಮನೆ ಕೂರಲು ನನ್ನ ಕೈಲಾಗದು.

ಮನೆಗೆ ಬಂದ ಸಂಜೆ ಮೊದಲ ಕೆಲಸ ಚೈನಿನದು. ಚೈನು ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಚೆನ್ನಾಗಿ ಒಳಗಿಳಿಯುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತೇನೆ. ಪೆಟ್ರೋಲೂ ತಂತಿ ಬ್ರಶ್ಶೂ ಬೇಡ. ಕೊಂಡಿಗಳ ನಡುವಿನ ಸಣ್ಣ ರಬ್ಬರ್ ಉಂಗುರಗಳು ಅದರಿಂದ ಹಾಳಾಗುತ್ತವೆ. ಆಮೇಲೆ 90 ನಂಬರಿನ ಗೇರ್ ಆಯಿಲ್ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡುತ್ತೇನೆ. ಒಣ ರಸ್ತೆಯಲ್ಲಿ 500 ಕಿಲೋಮೀಟರಿಗೊಮ್ಮೆ ಹೀಗೆ ಮಾಡಿದರೆ ಸಾಕು. ಮಳೆಯಲ್ಲಿ ಓಡಿಸಿದ್ದರೆ ಲೆಕ್ಕ ನೋಡುವುದೇ ಬೇಡ, ಬಂದ ದಿನವೇ ಆಗಬೇಕು. ಚೈನು ತೀರಾ ಬಿಗಿಯಾಗಿದ್ದರೂ ಕಷ್ಟವೇ. ಸವಾರ, ಹಿಂದೆ ಕೂತವರು, ಬ್ಯಾಗು ಎಲ್ಲ ಸೇರಿ ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಚೈನು ಇನ್ನಷ್ಟು ಬಿಗಿಯುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಸಡಿಲ ಇದ್ದೇ ಇರಬೇಕು.

ಅದೇ ಹೊತ್ತಿಗೆ ಟೈರಿನ ಮೇಲೂ ಕೈ ಆಡಿಸಿಬಿಡುತ್ತೇನೆ. ಸಿಕ್ಕಿಕೊಂಡ ಕಲ್ಲು, ಲಾಳದ ಮೊಳೆ ಕೈಗೆ ಸಿಗುತ್ತವೆ. ಬ್ರೇಕ್ ಪ್ಯಾಡು, ಹೆಡ್‌ಲೈಟು, ಬ್ರೇಕ್ ಲೈಟು ನೋಡಿ, ಮರುದಿನ ಕೆಲಸಕ್ಕೆ ಹೋಗುವಾಗ ಪೆಟ್ರೋಲ್ ತುಂಬಿಸುತ್ತೇನೆ. ಟ್ಯಾಂಕು 13 ಲೀಟರಿನದು. ನಾನು ಯಾವತ್ತೂ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಬಿಸ್ಲೆಯ ಕಾಡಿನೊಳಗಾಗಲೀ ಚಾರ್ಮಾಡಿಯ ತಿರುವುಗಳಲ್ಲಾಗಲೀ ಬಂಕ್ ಇಲ್ಲ.

ನನ್ನ ಕ್ಲಾಸಿಕ್‌ನದು ಕಡ್ಡಿ ಚಕ್ರ, ಒಳಗೆ ಟ್ಯೂಬು. ಟ್ಯೂಬ್‌ಲೆಸ್ ಆಗಿದ್ದರೆ ಮೊಳೆ ಕಿತ್ತು, ರಬ್ಬರ್ ಪಟ್ಟಿ ಚುಚ್ಚಿ, ಗಾಳಿ ತುಂಬಿ ಹತ್ತು ನಿಮಿಷದಲ್ಲಿ ಹೊರಡಬಹುದಿತ್ತು. ಟ್ಯೂಬಿನ ಗಾಡಿಗೆ ಚಕ್ರವನ್ನೇ ಬಿಚ್ಚಬೇಕು. ಅದಕ್ಕೆಂದೇ ಎರಡು ಟೈರ್ ಲಿವರ್, ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರು, ಚಿಕ್ಕ ಪಂಪು, ಒಂದು ಹೊಸ ಟ್ಯೂಬು ಸದಾ ಗಾಡಿಯಲ್ಲೇ ಇರುತ್ತವೆ. ಟ್ಯೂಬು ಒಂದೇ ಸಾಕು, ಮುಂದಿನ ಚಕ್ರದ್ದು. ಮುಂದಿನದು 19 ಇಂಚು, ಹಿಂದಿನದು 18. ತುರ್ತಿಗೆ 19ರ ಟ್ಯೂಬನ್ನು ಹಿಂದಕ್ಕೂ ಹಾಕಿಕೊಂಡು ನಿಧಾನವಾಗಿ ಊರು ಸೇರಬಹುದು. ಇದೆಲ್ಲ ಹೊತ್ತೊಯ್ದರೂ ಚಕ್ರ ಬಿಚ್ಚಲು ಬಾರದಿದ್ದರೆ ಏನೂ ಪ್ರಯೋಜನವಿಲ್ಲ. ಒಂದು ಭಾನುವಾರ ಮನೆಯಂಗಳದಲ್ಲಿ ಕೂತು ಹಿಂದಿನ ಚಕ್ರ ಕಳಚಿ, ಟ್ಯೂಬು ಬದಲಿಸಿ, ಮತ್ತೆ ಜೋಡಿಸಿ ನೋಡಿ. ನಾನು ಹಾಗೇ ಕಲಿತದ್ದು.

ಕ್ಲಚ್ ಕೇಬಲಿನ ವಿಷಯದಲ್ಲಿ ನಮ್ಮ ಮೆಕ್ಯಾನಿಕ್ ಹೇಳಿಕೊಟ್ಟ ಕ್ರಮವೇ ನನಗೆ ಸರಿ ಕಂಡಿದೆ. "ಹೊಸದನ್ನ ಬ್ಯಾಗಲ್ಲಿಡಬೇಡಿ ಸಾರ್. ಹೊಸದನ್ನ ಗಾಡಿಗೆ ಹಾಕಣ, ಚೆನ್ನಾಗಿರೋ ಹಳೇದನ್ನ ಜೊತೇಲಿಟ್ಕೊಳಿ" ಅಂದರು. ಹಳೆಯ ಕೇಬಲು ಈ ಗಾಡಿಗೆ ಕೂರುತ್ತದೆ ಅನ್ನುವುದು ಗೊತ್ತಿರುವ ಮಾತು. ಹೊಸದನ್ನು ಹಾಕಿ ನೋಡದೆ ಕೊಂಡೊಯ್ದರೆ ಅಳತೆ ಸರಿಯಿದೆಯೋ ಇಲ್ಲವೋ ಘಾಟಿಯಲ್ಲೇ ತಿಳಿಯಬೇಕು. ಆ ಹಳೆಯದನ್ನು ಈಗಿನ ಕೇಬಲಿನ ಪಕ್ಕದಲ್ಲೇ ಹಾಯಿಸಿ ಟೇಪ್ ಸುತ್ತಿಟ್ಟಿದ್ದೇವೆ. ಕತ್ತಲಲ್ಲಿ ಹರಿದರೂ ಟ್ಯಾಂಕಿನಡಿ ತಡಕಾಡಬೇಕಿಲ್ಲ, ಎರಡು ತುದಿ ಸಿಕ್ಕಿಸಿದರೆ ಆಯಿತು. ಸೀಟಿನ ಕೆಳಗೆ ಫ್ಯೂಸು, ಒಂದಷ್ಟು ಬೈಂಡಿಂಗ್ ವೈರು, ಇನ್ಸುಲೇಷನ್ ಟೇಪು, ಬಿರುಕು ಮುಚ್ಚುವ ಎಂ-ಸೀಲ್ ಅಂಟು ಇವೆ.

ಬ್ಯಾಗಿನ ವಿಚಾರಕ್ಕೆ ಬಂದರೆ, ನನ್ನದು ಸದಾ ತುಂಬಿಯೇ ಇರುತ್ತದೆ. ಒಗೆದು ಒಣಗಿದ ಬಟ್ಟೆ ಬೀರುವಿಗೆ ಹೋಗುವುದಿಲ್ಲ, ನೇರ ಬ್ಯಾಗಿಗೆ. ಒಂದು ಜೊತೆ ಪ್ಯಾಂಟು ಶರ್ಟು, ಒಳಉಡುಪು, ಎರಡು ಜೊತೆ ಕಾಲುಚೀಲ, ಒಂದು ತೆಳು ಸ್ವೆಟರು. ಜೊತೆಗೆ ಒಂದು ಹತ್ತಿ ಪಂಚೆ. ಇಷ್ಟು ಉಪಯೋಗದ ಬಟ್ಟೆ ನಾನು ಬೇರೆ ಕಂಡಿಲ್ಲ. ಸ್ನಾನಕ್ಕೆ ಅದೇ ಟವಲ್, ರಾತ್ರಿಗೆ ಅದೇ ಹೊದಿಕೆ, ದೇವಸ್ಥಾನಕ್ಕೂ ಅದೇ. ಹೊಳೆ ದಡದಲ್ಲಿ ಬಟ್ಟೆ ಬದಲಿಸಲು ಮರೆಯೂ ಆಗುತ್ತದೆ, ಬೇಗ ಒಣಗುತ್ತದೆ ಕೂಡ.

ಮಲೆನಾಡಿನ ಮಳೆಗೆ ಬ್ಯಾಗಿನ ಮೇಲಿನ ರೇನ್ ಕವರನ್ನು ನಂಬುವುದಿಲ್ಲ. ಗಾಳಿಗೆ ಉಬ್ಬಿ, ಕೆಳಗಿನಿಂದ ಚಕ್ರ ಹಾರಿಸಿದ ನೀರು ಒಳಗೆ ತುಂಬಿಕೊಳ್ಳುತ್ತದೆ. ಬ್ಯಾಗಿನ ಒಳಗಡೆಯೇ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಅದರಲ್ಲಿ ಬಟ್ಟೆ ತುಂಬಿ, ಬಾಯಿ ತಿರುಚಿ ಕಟ್ಟುತ್ತೇನೆ. ಹೊರಗಿನ ಬ್ಯಾಗು ನೆನೆದರೆ ನೆನೆಯಲಿ. ನಾನು ಹಾಕಿಕೊಳ್ಳುವ ರೇನ್‌ಕೋಟು ಮಾತ್ರ ಎಲ್ಲಕ್ಕಿಂತ ಮೇಲೆ, ಅರ್ಧ ನಿಮಿಷದಲ್ಲಿ ಕೈಗೆ ಸಿಗುವಂತೆ. ಮಳೆಗಾಲದಲ್ಲಿ ಇಂಬಳಕ್ಕೆಂದು, ಅಂದರೆ ಕಾಡಿನ ಜಿಗಣೆಗೆಂದು, ಒಂದು ಡಬ್ಬಿ ಉಪ್ಪು. ಶೇಂಗಾ ಚಿಕ್ಕಿ, ಓಆರ್‌ಎಸ್ ಪೊಟ್ಟಣ, ಹತ್ತಿ, ಬ್ಯಾಂಡೇಜು ಪಕ್ಕದ ಜೇಬಿನಲ್ಲಿ.

ಕಟ್ಟುವಾಗ ಭಾರದ್ದೆಲ್ಲ ಕೆಳಗೆ, ಸವಾರನಿಗೆ ಹತ್ತಿರ. ಭಾರ ಹಿಂದಕ್ಕೆ, ಎತ್ತರಕ್ಕೆ ಹೋದಷ್ಟೂ ತಿರುವಿನಲ್ಲಿ ಗಾಡಿ ನಮ್ಮ ಮಾತು ಕೇಳುವುದಿಲ್ಲ, ಹ್ಯಾಂಡಲು ಹಗುರವಾಗುತ್ತದೆ. ಕ್ಲಾಸಿಕ್‌ನ ಸೈಲೆನ್ಸರು ಬಲಗಡೆ. ಆ ಕಡೆಯ ಚೀಲದ ತಳ ಸೈಲೆನ್ಸರಿಗೆ ತಾಗದಂತೆ ಕಬ್ಬಿಣದ ಚೌಕಟ್ಟು ಹಾಕಿಸಿದ್ದೇನೆ. ಕೊಕ್ಕೆಯ ರಬ್ಬರ್ ಹಗ್ಗ ನಾನು ಬಳಸುವುದಿಲ್ಲ. ಎಳೆದು ಕಟ್ಟುವಾಗ ಜಾರಿದರೆ ಕೊಕ್ಕೆ ನೇರ ಕಣ್ಣಿಗೇ ಬರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆಯ ಟ್ಯೂಬನ್ನು ಉದ್ದುದ್ದ ಪಟ್ಟಿ ಕತ್ತರಿಸಿಟ್ಟುಕೊಂಡರೆ ಅದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ನೇತಾಡುವ ತುದಿ ಚೈನಿಗೆ, ಕಡ್ಡಿಗೆ ಸಿಗದಂತೆ ಒಳಗೆ ಸಿಕ್ಕಿಸಬೇಕು. ನಂಬರ್ ಪ್ಲೇಟೂ ಹಿಂದಿನ ಲೈಟೂ ಮುಚ್ಚಿಹೋಗಬಾರದು. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಗಂಟುಗಳನ್ನೂ ಎಳೆದು ನೋಡುತ್ತೇನೆ, ಎಷ್ಟೇ ಅವಸರವಿದ್ದರೂ.

ಗಾಳಿ ನೋಡಬೇಕಾದದ್ದು ಟೈರು ತಣ್ಣಗಿರುವಾಗ, ಅಂದರೆ ಮನೆಯಲ್ಲೇ. ದೂರ ಓಡಿಸಿ ಬಂಕಿನಲ್ಲಿ ನೋಡಿದರೆ ಬಿಸಿಗೆ ಹಿಗ್ಗಿದ ಗಾಳಿ ಹೆಚ್ಚಾಗಿ ಕಾಣುತ್ತದೆ. ಚಿಕ್ಕ ಗೇಜು ಒಂದಿದ್ದರೆ ಸಾಕು.

ದಾರಿಯ ನಿಯಮಗಳನ್ನೂ ತಲೆಯಲ್ಲಿಟ್ಟುಕೊಂಡಿರಬೇಕು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. 2024ರ ಮಳೆಗಾಲದಲ್ಲಿ ದೊಡ್ಡತಪ್ಪಲಿನ ಬಳಿ ಗುಡ್ಡ ಕುಸಿದು ಶಿರಾಡಿಯೇ ಮುಚ್ಚಿತ್ತು. ಜೂನ್‌ನಿಂದಾಚೆಗೆ ಸಕಲೇಶಪುರದಲ್ಲಿ ಕಾಫಿಗೆ ನಿಂತಾಗ, ಕೆಳಗಿನಿಂದ ಬಂದ ಲಾರಿಯವರನ್ನು ವಿಚಾರಿಸಿಯೇ ನಾನು ಮುಂದಕ್ಕೆ ಹೋಗುವುದು. ಬಿಸ್ಲೆ ಕಡೆಯಾದರೆ ಮೊಬೈಲ್ ಸಿಗ್ನಲ್ ಸಿಗದ ಜಾಗಗಳಿವೆ. ಯಾವ ದಾರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿಟ್ಟು ಹೊರಡುತ್ತೇನೆ. ಬಂಡೀಪುರ ದಾಟುವ ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗುಂಡ್ಲುಪೇಟೆ ತಲುಪುವಷ್ಟರಲ್ಲಿ ಕತ್ತಲಾಗಿದ್ದರೆ, ಗೇಟು ಹಾಕಲು ಇನ್ನೂ ಸಮಯವಿದ್ದರೂ ಅಲ್ಲೇ ರೂಮು ಹಿಡಿಯುತ್ತೇನೆ. ಆನೆ, ಜಿಂಕೆ ದಾಟುವ ರಸ್ತೆಯಲ್ಲಿ ಗಡಿಯಾರ ನೋಡಿಕೊಂಡು ಬೈಕ್ ಓಡಿಸಬಾರದು.